ಮೂರನೇ ಮೇಜಿನ ವೆಂಡೆಲ್

ಎಲ್ಕೊ, ನೆವಾಡಾ
೮ ನವೆಂಬರ್ ೧೯೮೭, ಭಾನುವಾರ

ಪ್ರೀತಿಯ ವರ್ನಾ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳ ಮೇಲಾಯಿತು. ಫ್ರಿಜ್ಜಿನ ಮೇಲಿಟ್ಟುಕೊಂಡು ದಿನಾ ನೋಡುತ್ತಿದ್ದೆ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ನೀನು ಬೈದುಕೊಂಡಿರುತ್ತೀಯ, ಇನ್ನೊಂದಿಷ್ಟು ಬೈದುಕೋ, ನನಗೆ ಬೇಜಾರಿಲ್ಲ. ಮೊಣಕಾಲಿನ ಆಪರೇಷನ್ ಚೆನ್ನಾಗಿ ಆಯಿತೆಂದು ಓದಿ ಜೀವಕ್ಕೆ ಸಮಾಧಾನವಾಯಿತು. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ, ನೀನು ಹತ್ತುತ್ತಿರುತ್ತೀಯ. ಜೀವನವಿಡೀ ಆಟದ ಮೇಜುಗಳ ನಡುವೆ ನಿಂತೇ ಕಳೆದವಳನ್ನು ಕುರ್ಚಿಯಲ್ಲಿ ಕೂರಿಸುವುದೆಂದರೆ ಸುಮ್ಮನೆಯೇ? ನಿನ್ನ ಮಗಳ ಪಾಡು ನೆನೆದು ನಗು ಬಂತು.

ಇಲ್ಲಿ ಚಳಿ ಶುರುವಾಗಿದೆ. ರೂಬಿ ಬೆಟ್ಟಗಳ ನೆತ್ತಿ ಆಗಲೇ ಬೆಳ್ಳಗಾಗಿದೆ. ನಮ್ಮ ಬಾಸ್ಕ್ ಜನರ ಊಟದ ಮನೆಯಲ್ಲಿ ಈಗ ಉದ್ದ ಮೇಜು ತೆಗೆದು ನಾಲ್ಕು ನಾಲ್ಕು ಜನರ ಸಣ್ಣ ಮೇಜು ಹಾಕಿದ್ದಾರೆ. ಬೆಳ್ಳುಳ್ಳಿ ಸಾರು ಅದೇ ಇದೆ, ಆದರೆ ಪಕ್ಕದಲ್ಲಿ ಯಾರೋ ಗೊತ್ತಿಲ್ಲದ ಕುರಿಗಾಹಿ ಕೂತು ಬಟ್ಟಲು ದಾಟಿಸದಿದ್ದರೆ ಅದು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಹೋಗುವುದು ಕಡಿಮೆ ಮಾಡಿದ್ದೇನೆ.

ಸುತ್ತಿ ಬಳಸಿ ಬರೆಯುತ್ತಿದ್ದೇನೆಂದು ನಿನಗೆ ಆಗಲೇ ಗೊತ್ತಾಗಿರುತ್ತದೆ. ವರ್ನಾ, ನಮ್ಮ ವೆಂಡೆಲ್ ಹೋಗಿಬಿಟ್ಟ. ಅಕ್ಟೋಬರಿನಲ್ಲಿ, ರೂಬಿ ಕಣಿವೆಯ ಒಂದು ದನದ ದೊಡ್ಡಿಯಲ್ಲಿ. ದನ ತೂಗುವ ಯಂತ್ರದ ಕೆಳಗೆ ಮಲಗಿ ರಿಪೇರಿ ಮಾಡಿ ಎದ್ದವನು, ದೊಡ್ಡಿಯ ಯಜಮಾನನಿಗೆ ಎಲ್ಲ ಸರಿಯಾಗಿದೆ ಎಂದು ಹೇಳಿ, ಕೈ ತೊಳೆದುಕೊಂಡು, ತನ್ನ ಟ್ರಕ್ಕಿನಲ್ಲಿ ಹೋಗಿ ಕೂತನಂತೆ. ಎಷ್ಟು ಹೊತ್ತಾದರೂ ಟ್ರಕ್ಕು ಹೊರಡಲಿಲ್ಲವೆಂದು ನೋಡಿದರೆ ಮುಗಿದೇ ಹೋಗಿತ್ತು. ಹೃದಯ ಎಂದರು. ಅವನಿಗೆ ಹೃದಯದ ತೊಂದರೆ ಇತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮೆಲ್ಲರ ಮನೆಯ ಕಾಯಿಲೆ ಕಸಾಲೆ ಅವನಿಗೆ ಗೊತ್ತಿತ್ತು.

ನಿನಗೆ ನೆನಪಿರಬೇಕು, ಅವನನ್ನು ಮೊದಲು ಹಿಡಿದವಳು ನೀನೇ. ನಾನು ಆಗಿನ್ನೂ ಬ್ಲೂ ಮೇರ್ ಜೂಜಿನ ಕ್ಲಬ್ಬಿಗೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಗಂಡ ರಾಮೋನ್ ಲಾರಿ ಅಪಘಾತದಲ್ಲಿ ಹೋದ ಮೇಲೆ ಅಮ್ಮನನ್ನು ಸಾಕಲು ಇಸ್ಪೀಟು ಎಲೆ ಹಂಚುವುದು ಕಲಿತವಳು. ವಿರಾಮದ ಕೋಣೆಯಲ್ಲಿ ನೀನು ಬೂಟು ಬಿಚ್ಚಿ ಕಾಲು ಒತ್ತಿಕೊಳ್ಳುತ್ತಾ, "ಆ ತೂಕದ ಯಂತ್ರದವನು ಎಲೆ ಎಣಿಸ್ತಾನೆ ಕಣೆ" ಅಂದೆ. ನಾನು ನಂಬಲಿಲ್ಲ. ಕೂತಷ್ಟು ಹೊತ್ತೂ ನಮ್ಮಮ್ಮನ ಕಣ್ಣಿನ ಪೊರೆಯ ವಿಚಾರ ಕೇಳುತ್ತಿರುತ್ತಾನೆ, ಎಣಿಸುವುದು ಯಾವಾಗ ಎಂದು ಕೇಳಿದೆ.

"ಅದೇ ಕಣೆ ವಿದ್ಯೆ. ಮಾತು ಬಾಯಲ್ಲಿ, ಲೆಕ್ಕ ತಲೇಲಿ. ನಾಳೆ ಅವನ ಬಾಯಿ ನೋಡ್ಬೇಡ, ಕೈ ನೋಡು" ಅಂದೆ ನೀನು.

ಮರುದಿನ ನೋಡಿದೆ. ಎರಡು ಮೂರು ನಾಲ್ಕು ಐದು ಎಂದು ಸಣ್ಣ ಎಲೆಗಳೆಲ್ಲ ಹೊರಗೆ ಬಿದ್ದು, ಕೈಯಲ್ಲುಳಿದ ಕಟ್ಟಿನಲ್ಲಿ ರಾಜ ರಾಣಿ ಎಕ್ಕಗಳೇ ತುಂಬಿಕೊಂಡು ಆಡುವವನ ಗೆಲುವು ಹತ್ತಿರವಾದ ಹಾಗೆಲ್ಲ ಅವನ ಕೈ ಪಣಕ್ಕೆ ಒಂದು ಬಿಲ್ಲೆ ಇಡುವ ಕಡೆ ಎರಡು ಇಟ್ಟಿತು, ಆಮೇಲೆ ನಾಲ್ಕು. ಬಾಯಿ ಮಾತ್ರ, ಎಡಗಣ್ಣಿಗೆ ಬೆಳಕು ಕಾಣುತ್ತದಾ, ಬಲಗಣ್ಣಿಗಾ ಎಂದು ಕೇಳುತ್ತಲೇ ಇತ್ತು. ನಾನು ಎಲೆ ಕಲೆಸಿ ಹೊಸದಾಗಿ ಹಂಚಿದ ಕೂಡಲೇ ಕೈ ಸದ್ದಿಲ್ಲದೆ ಒಂದು ಬಿಲ್ಲೆಗೆ ಇಳಿಯಿತು. ಕ್ಲಬ್ಬಿನ ದುಡ್ಡು ಹೋದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅಮ್ಮನ ಕಣ್ಣನ್ನು ಅವನು ಪರದೆ ಮಾಡಿಕೊಂಡನಲ್ಲ ಎಂದು ಅಂದು ಮನೆಗೆ ಹೋಗಿ ಅತ್ತಿದ್ದೆ. ಅದನ್ನು ನಿನಗೂ ಹೇಳಿರಲಿಲ್ಲ.

ಮಾಲೀಕ ಡೊಮಿಂಗೊಗೆ ಹೇಳಬೇಕೋ ಬೇಡವೋ ಎಂದು ನಾವಿಬ್ಬರೂ ಒಂದು ವಾರ ತಲೆ ಕೆಡಿಸಿಕೊಂಡೆವು. ಎಣಿಸುವುದಕ್ಕೆ ಪೊಲೀಸರು ಹಿಡಿಯುವುದಿಲ್ಲ, ತಲೆ ಓಡಿಸುವುದು ಅಪರಾಧವಲ್ಲ. ಆದರೆ ಮಾಲೀಕ ಬಾಗಿಲು ತೋರಿಸಬಹುದು, ಗೊತ್ತಿದ್ದೂ ಹೇಳದ ಕೆಲಸದವರಿಗೂ ತೋರಿಸಬಹುದು. ಕೊನೆಗೆ ನೀನೇ ತೀರ್ಮಾನ ಮಾಡಿದೆ. ಕುಡಿದು ಮೈಮೇಲೆ ಬೀಳುವ, ಸೋತರೆ ಹುಡುಗಿಯರ ಮೇಲೆ ಎಲೆ ಎಸೆಯುವ ನೂರು ಜನರನ್ನು ಸಹಿಸುತ್ತೇವೆ, ಇವನು ಹೊಟ್ಟೆಗಾಗುವಷ್ಟು ತೆಗೆದುಕೊಂಡು ನಮಸ್ಕಾರ ಹೇಳಿ ಹೋಗುತ್ತಾನೆ, ಇರಲಿ ಬಿಡು ಅಂದೆ.

ಅವನಿಗೆ ನಾವು ಕಂಡುಹಿಡಿದದ್ದು ಗೊತ್ತಾಗಿತ್ತೋ ಇಲ್ಲವೋ ಎಂಬ ಅನುಮಾನ ನನಗೆ ಬಹಳ ದಿನ ಇತ್ತು. ಆ ಬೀನ್ಸ್ ಬಟ್ಟಲಿನ ದಿನ ನೆನಪು ಮಾಡಿಕೋ. ಊಟದ ಮನೆಯ ಉದ್ದ ಮೇಜಿನಲ್ಲಿ ನಾವು ಮೂವರೂ ಕೂತಿದ್ದೆವು. ಆ ತಿಂಗಳು ಡೊಮಿಂಗೊ ತನ್ನ ಭಾವಮೈದುನನನ್ನು ದುರ್ಬೀನು ಕೊಟ್ಟು ಮೇಜುಗಳ ಮೇಲಿನ ಅಟ್ಟದಲ್ಲಿ, ಕನ್ನಡಿಯ ಹಿಂದೆ, ಹೊಟ್ಟೆಯ ಮೇಲೆ ಮಲಗಿಸಿದ್ದ. ನೀನು ಬೀನ್ಸ್ ದಾಟಿಸುತ್ತಾ, "ವೆಂಡೆಲ್, ಈ ತಿಂಗಳು ಅಟ್ಟದ ಕಡೆಯಿಂದ ಗಾಳಿ ಜೋರು" ಅಂದೆ. ಅವನು ತಲೆ ಎತ್ತದೆ, "ಹಾಗಾದ್ರೆ ಟೋಪಿ ಹಿಡ್ಕೋತೀನಿ" ಅಂದ. ಆ ತಿಂಗಳೆಲ್ಲ ಒಂದೇ ಒಂದು ಬಿಲ್ಲೆ ಇಟ್ಟು ಆಡಿ, ಸೋತು, ಡೊಮಿಂಗೊನ ಹತ್ತಿರ ಹೋಗಿ ತನ್ನ ಗ್ರಹಚಾರ ಹೇಳಿಕೊಂಡು ಅವನಿಗೇ ಒಂದು ಗ್ಲಾಸು ಕುಡಿಸಿದ. ಡೊಮಿಂಗೊ ನಮ್ಮನ್ನೆಲ್ಲ ಕರೆದು, ಇಂಥ ಗಿರಾಕಿ ಹತ್ತು ಜನ ಇದ್ದರೆ ಸಾಕು ಎಂದು ಉಪದೇಶ ಮಾಡಿದ. ನೀನು ಕೆಮ್ಮು ಬಂದವಳ ಹಾಗೆ ಹೊರಗೆ ಓಡಿದೆ.

ನಮ್ಮೆಲ್ಲರ ಜೊತೆ ಚೆನ್ನಾಗಿರುವುದನ್ನೂ ಅವನು ಒಂದು ಕಸುಬಿನ ಹಾಗೆ ಮಾಡುತ್ತಿದ್ದ. ಹೊಸ ಹುಡುಗಿ ಎಲೆ ಹಂಚಲು ನಿಂತರೆ ಆ ಮೇಜಿಗೆ ಹೋಗುತ್ತಿರಲಿಲ್ಲ, ಅವಳ ಪಾಳಿಯಲ್ಲಿ ನಷ್ಟವಾದರೆ ಅವಳಿಗೆ ಕೆಟ್ಟ ಹೆಸರು. ತಪ್ಪಿ ಹೆಚ್ಚು ಕೊಟ್ಟರೆ ವಾಪಸು ತಳ್ಳುತ್ತಿದ್ದ, ಯಾರಿಗೂ ಕಾಣದ ಹಾಗೆ, ಒಂದು ಬೆರಳಿನಿಂದ. ಸೋತಾಗ ಹಂಚಿದವಳ ಮುಖ ನೋಡುತ್ತಿರಲಿಲ್ಲ. ನಮ್ಮ ಪಾಲಿನ ಇನಾಮಿನ ಬಿಲ್ಲೆಯೊಂದನ್ನು ತನ್ನ ಬಿಲ್ಲೆಯ ಪಕ್ಕದಲ್ಲಿ ಇಡುವುದನ್ನು ಮರೆಯುತ್ತಿರಲಿಲ್ಲ. ಊರೂರು ಅಲೆದು ಯಂತ್ರ ರಿಪೇರಿ ಮಾಡುತ್ತಾ ಮೂರು ವಾರಕ್ಕೊಮ್ಮೆ ಬಂದರೂ ಯಾರ ಮಗು ಯಾವ ತರಗತಿ, ಯಾರ ಗಂಡ ಮನೆ ಬಿಟ್ಟು ಹೋದ, ಯಾರ ಗಂಡ ತಿರುಗಿ ಬಂದ, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಬೇಸಿಗೆಯಲ್ಲಿ ಯೂಟಾ ಕಡೆಯಿಂದ ಪೀಚ್ ಹಣ್ಣಿನ ಪೆಟ್ಟಿಗೆ.

ನನಗೆ ರಜೆ ಸಿಗದ ವರ್ಷ ಅಮ್ಮನನ್ನು ಕಣ್ಣಿನ ಆಪರೇಷನ್‌ಗೆ ಸಾಲ್ಟ್ ಲೇಕ್‌ವರೆಗೆ ಕರೆದುಕೊಂಡು ಹೋದವನು ಅವನೇ. ಅಮ್ಮನಿಗೆ ಇಂಗ್ಲಿಷ್ ಬಾರದು, ಅವನಿಗೆ ಬಾಸ್ಕ್ ಬಾರದು. ದಾರಿಯುದ್ದಕ್ಕೂ ಅಮ್ಮ ತನ್ನ ಊರಿನ ಕಥೆ ಹೇಳಿದಳಂತೆ, ಅವನು ಹೂಂಗುಟ್ಟಿದನಂತೆ. "ಇಷ್ಟು ಕಷ್ಟಪಟ್ಟು ಯಾರೂ ವೇಷ ಹಾಕಲ್ಲ ಕಣೆ" ಎಂದು ನೀನು ಆಗ ಹೇಳಿದ್ದೆ. ನಾನು ನಕ್ಕು, ಆ ಪೆಟ್ರೋಲಿನ ಖರ್ಚನ್ನು ನಮ್ಮ ಮೇಜಿನಿಂದಲೇ ಎತ್ತಿಕೊಳ್ಳುತ್ತಾನೆ ಬಿಡು ಅಂದಿದ್ದೆ.

ನೀನು ಊರು ಬಿಟ್ಟು ಬಾಯ್ಸಿಗೆ ಹೋದ ಮೇಲಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಡೊಮಿಂಗೊ ಸತ್ತದ್ದು, ಹೆಣ್ಣುಮಕ್ಕಳು ಕ್ಲಬ್ಬನ್ನು ಮಾರಿದ್ದು ಬರೆದಿದ್ದೆ. ಕೊಂಡವರು ದಕ್ಷಿಣದ ಕಡೆಯ ಒಂದು ಕಂಪನಿ. ಕಾಲ್ಕಿನ್ಸ್ ಎಂಬ ಮ್ಯಾನೇಜರನ್ನು ಕಳಿಸಿದರು. ಕೆಟ್ಟವನೇನಲ್ಲ, ಚಿಕ್ಕ ವಯಸ್ಸು, ಮರ್ಯಾದೆಯಿಂದ ಮಾತಾಡುತ್ತಾನೆ, ಹೆಂಡತಿ ಆಗ ಬಾಣಂತಿ. ಅಟ್ಟದಲ್ಲಿ ಈಗ ಭಾವಮೈದುನರಿಲ್ಲ, ಕ್ಯಾಮೆರಾ ಇವೆ. ನನ್ನನ್ನು ನಿನ್ನ ಜಾಗಕ್ಕೆ, ಮೇಜುಗಳ ಮೇಲ್ವಿಚಾರಣೆಗೆ ಹಾಕಿದರು.

ಹೋದ ವರ್ಷ ವಸಂತದಲ್ಲಿ ಕಾಲ್ಕಿನ್ಸ್ ನನ್ನನ್ನು ಕರೆಸಿ ಒಂದು ಫೋಟೊ ಮುಂದಿಟ್ಟ. ಎಲೆ ಎಣಿಸುವವರ ಫೋಟೊಗಳನ್ನು ಕ್ಲಬ್ಬಿನಿಂದ ಕ್ಲಬ್ಬಿಗೆ ಹಂಚುತ್ತಾರಲ್ಲ, ಅಂಥದ್ದು. ಬೇರೆ ಊರಿನಲ್ಲಿ ಯಾವಾಗಲೋ ತೆಗೆದದ್ದು. ಟೋಪಿಯಿಲ್ಲದ ವೆಂಡೆಲ್. ಕೂದಲು ಅಷ್ಟು ತೆಳ್ಳಗಾಗಿದೆ ಎಂದು ನಾನು ಫೋಟೊದಲ್ಲೇ ನೋಡಿದ್ದು.

"ಇವರು ಗೊತ್ತಾ ಬೆನಿಟಾ?"

ಗೊತ್ತು, ತೂಕದ ಯಂತ್ರ ರಿಪೇರಿಯವರು ಅಂದೆ. ಎಷ್ಟು ವರ್ಷದಿಂದ ಬರುತ್ತಿದ್ದಾರೆ ಎಂದು ಕೇಳಿದ. ನಾನು ಸೇರಿದಾಗಿನಿಂದ ಅಂದೆ. ಎಣಿಸುವುದು ನಿಮ್ಮ ಗಮನಕ್ಕೆ ಬಂದೇ ಇಲ್ಲವಾ ಎಂದು ಕೇಳಿದ. ನಾನು ಫೋಟೊವನ್ನು ಅವನ ಕಡೆಗೇ ಸರಿಸಿದೆ. ಅವನು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿ, "ಬಂದಿಲ್ಲ ಅಂತಾನೇ ಬರ್ಕೋತೀನಿ. ನಿಮ್ಮ ಪಿಂಚಣಿಗೆ ಇನ್ನೇನು ಸ್ವಲ್ಪ ದಿನ ಇದೆ" ಅಂದ. ಆಮೇಲೆ, ಅವರಿಗೆ ವಿಷಯ ನೀವೇ ತಿಳಿಸಿ, ಗೊತ್ತಿಲ್ಲದವರು ಹೇಳಿದರೆ ಗಲಾಟೆ ಆಗಬಹುದು ಅಂದ. ವೆಂಡೆಲ್ ಗಲಾಟೆ ಮಾಡುವುದು. ನನಗೆ ನಗು ಬಂದುಬಿಟ್ಟಿತು. ನಾನು ಒಪ್ಪಿದೆನೆಂದು ಅವನು ತಿಳಿದುಕೊಂಡ.

ವೆಂಡೆಲ್ ಮುಂದಿನ ಸಲ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಎಂದಿನ ಮೂರನೇ ಮೇಜು. ಎಲೆ ಹಂಚುತ್ತಿದ್ದ ಹುಡುಗಿಯ ಹತ್ತಿರ ಅವಳ ಹೊಸ ಬಾಡಿಗೆ ಮನೆಯ ಒಲೆ ಸರಿಯಾಯಿತಾ ಎಂದು ಕೇಳುತ್ತಿದ್ದ. ನಾನು ಹೋಗಿ ಅವನ ಭುಜ ಮುಟ್ಟಿದೆ. ಅಷ್ಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ನಾನು ಅವನನ್ನು ಮುಟ್ಟಿದ್ದು ಅದೊಂದೇ ಸಲ. ಅವನು ತಿರುಗಿ ನನ್ನ ಮುಖ ನೋಡಿದ, ಅಷ್ಟರಲ್ಲೇ ಎಲ್ಲ ಗೊತ್ತಾಯಿತು ಅವನಿಗೆ. ಬಿಲ್ಲೆಗಳನ್ನು ಒಟ್ಟು ಮಾಡಿ, ಒಂದನ್ನು ಹುಡುಗಿಯ ಕಡೆ ಸರಿಸಿ, ಎದ್ದು ನಿಂತು ಟೋಪಿ ತೆಗೆದ. ಕಾಲ್ಕಿನ್ಸ್ ಬರೆದುಕೊಟ್ಟಿದ್ದನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಮಿಸ್ಟರ್ ಸ್ಟ್ರೌಡ್, ಇವತ್ತಿನಿಂದ ನೀವು ಇಲ್ಲಿ ಯಾವ ಎಲೆಯಾಟವನ್ನೂ ಆಡುವಂತಿಲ್ಲ. ಇಪ್ಪತ್ತು ವರ್ಷ ವೆಂಡೆಲ್ ಎಂದು ಕರೆದ ಬಾಯಲ್ಲಿ ಮಿಸ್ಟರ್ ಸ್ಟ್ರೌಡ್ ಎಂಬುದು ಕಲ್ಲಿನ ಹಾಗೆ ಹೊರಳಿತು.

ಅವನು ಟೋಪಿಯ ಅಂಚು ತಿರುಗಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ:

"ನನ್ನಿಂದ ಯಾರ ಕೆಲಸಕ್ಕೂ ಸಂಚಕಾರ ಬಂದಿಲ್ಲ ತಾನೆ?"

"ಇಲ್ಲ."

"ನಿಮ್ಮ ಕೆಲಸಕ್ಕೆ?"

"ಇಲ್ಲ, ವೆಂಡೆಲ್."

"ಕಾಫಿ ಕೌಂಟರಿನಲ್ಲಿ ಊಟ ಮಾಡಬಹುದಾ?"

ಊಟಕ್ಕೆ ಅಡ್ಡಿಯಿಲ್ಲ ಎಂದು ಆ ಕಾಗದದಲ್ಲೇ ಬರೆದಿತ್ತು. ಹಾಗೇ ಹೇಳಿದೆ. ಥ್ಯಾಂಕ್ಸ್ ಹೇಳಿ, ಹುಡುಗಿಗೂ ತಲೆಬಾಗಿ, ಹೋಗಿ ಕೌಂಟರಿನ ಕೊನೆಯ ಸ್ಟೂಲಿನ ಮೇಲೆ ಕೂತು ಸೂಪು ತರಿಸಿಕೊಂಡ. ಮೇಲಿನಿಂದ ಕ್ಯಾಮೆರಾ ನೋಡುತ್ತಿತ್ತು, ನಾನು ಬೆನ್ನು ತಿರುಗಿಸಿ ನನ್ನ ಜಾಗಕ್ಕೆ ಹೋದೆ.

ಅಲ್ಲಿಗೆ ಅವನ ಬರವು ಮುಗಿಯಿತು ಎಂದುಕೊಂಡಿದ್ದೆ. ಎಣಿಸಲು ಎಲೆಯಿಲ್ಲದ ಊರಿನಲ್ಲಿ ಅವನಿಗೆ ಏನು ಕೆಲಸ? ಆದರೆ ಮೂರು ವಾರಕ್ಕೆ ಸರಿಯಾಗಿ ಬಂದ. ಕೊನೆಯ ಸ್ಟೂಲು, ಸೂಪು, ಕಾಫಿ. ವಿರಾಮ ಸಿಕ್ಕ ಹುಡುಗಿಯರು ಒಬ್ಬೊಬ್ಬರಾಗಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ಅಡುಗೆಯ ಇನಾಸಿಯೊ ಒಳಗಿನಿಂದ ತಟ್ಟೆ ಹಿಡಿದುಕೊಂಡು ತಾನೇ ಬರುತ್ತಿದ್ದ. ಬೇಸಿಗೆಯಲ್ಲಿ ಪೀಚ್ ಪೆಟ್ಟಿಗೆಯೂ ಬಂತು. ನಾನು ಆ ಕಡೆ ಹಾದುಹೋಗುವಾಗ ಬಟ್ಟಲು ಒಂದಿಷ್ಟು ಎತ್ತುತ್ತಿದ್ದ, ನಾನು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಕೂರುತ್ತಿರಲಿಲ್ಲ. ಮ್ಯಾನೇಜರು ಬದಲಾದರೆ ತಿರುಗಿ ಮೇಜಿಗೆ ಬರಬಹುದೆಂದು ನಮ್ಮನ್ನೆಲ್ಲ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದಾನೆ, ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ. ಒಂದು ದಿನ ಕೌಂಟರಿನ ಡಾರ್ಲಾಳ ಹತ್ತಿರ ಹಾಗೆಂದೂ ಬಿಟ್ಟೆ. ಡಾರ್ಲಾ ಬಟ್ಟೆ ಹಿಂಡುತ್ತಿದ್ದವಳು ನಿಲ್ಲಿಸಿ, "ನಿಮಗೆ ತಲೆ ನೆಟ್ಟಗಿದೆಯಾ? ಆ ಮನುಷ್ಯನಿಗೆ ನಮ್ಮನ್ನ ಬಿಟ್ರೆ ಯಾರಿದ್ದಾರೆ" ಅಂದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಾನು ಸಿಟ್ಟು ಮಾಡಿಕೊಂಡು ಎರಡು ದಿನ ಅವಳನ್ನು ಮಾತಾಡಿಸಲಿಲ್ಲ.

ಈ ವರ್ಷದ ಆರಂಭದಲ್ಲಿ ಕಂಪನಿಯಿಂದ ಆದೇಶ ಬಂತು, ಆಟದಿಂದ ನಿಷೇಧಿಸಿದವರ ಜೊತೆ ಸಿಬ್ಬಂದಿ ಕೂತು ಹರಟಬಾರದು ಎಂದು. ಡಾರ್ಲಾ ಕೇಳಲಿಲ್ಲ. ಅವಳ ಹೆಸರಿಗೆ ಒಂದು ಎಚ್ಚರಿಕೆ ಪತ್ರ ಬಿತ್ತು. ಅದು ವೆಂಡೆಲ್‌ಗೆ ಹೇಗೋ ಗೊತ್ತಾಯಿತು. ಅಂದಿನಿಂದ ಅವನು ನಮ್ಮ ಕ್ಲಬ್ಬಿನ ಬಾಗಿಲು ದಾಟಲಿಲ್ಲ. ಯಾರೂ ಹೊರಗೆ ಹಾಕಿದ್ದಲ್ಲ, ತಾನಾಗಿಯೇ ನಿಲ್ಲಿಸಿದ.

ನಾನು ಅವನನ್ನು ಕೊನೆಯ ಸಲ ನೋಡಿದ್ದು ಆಗಸ್ಟಿನಲ್ಲಿ, ದಿನಸಿ ಅಂಗಡಿಯಲ್ಲಿ. ಕರ್ಬೂಜದ ಹಣ್ಣುಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡುತ್ತಿದ್ದ. ಬಿಸಿಲಿನ ಬಗ್ಗೆ ಮಾತಾಡಿದೆವು, ನಿನ್ನ ಮೊಣಕಾಲಿನ ಬಗ್ಗೆ ಕೇಳಿದ, ಆಪರೇಷನ್ ಮಾಡಿಸಿಕೊಳ್ಳಲಿ, ಹೆದರುವುದೇನಿಲ್ಲ ಅಂದ. ಹೊರಡುವಾಗ, "ಕಾಲ್ಕಿನ್ಸ್ ಮಗುವಿಗೆ ಹೊಟ್ಟೆನೋವು ಅಂತಿದ್ರಲ್ಲ, ಈಗ ಹೇಗಿದೆ?" ಎಂದು ಕೇಳಿದ.

ನಾನು ಏನೋ ಹೇಳಿ ಕಾರು ಹತ್ತಿದೆ. ಮನೆಗೆ ಬಂದು ಸಾಮಾನು ಇಳಿಸದೆ ಅಡುಗೆಮನೆಯಲ್ಲಿ ಕೂತೆ. ತನ್ನನ್ನು ಆಟದಿಂದ ಹೊರಗೆ ಹಾಕಿಸಿದವನ ಮಗುವಿನ ಹೊಟ್ಟೆನೋವು ಕೇಳಿ ಅವನಿಗೆ ಆಗಬೇಕಾದದ್ದು ಏನಿತ್ತು ವರ್ನಾ? ಯಾವ ಮೇಜು ಸಿಗುತ್ತಿತ್ತು? ಏನೂ ಇರಲಿಲ್ಲ. ಅವನು ಕೇಳುತ್ತಿದ್ದದ್ದು ತಿಳಿದುಕೊಳ್ಳುವುದಕ್ಕೇ. ಅಮ್ಮನ ಕಣ್ಣನ್ನೂ ಹಾಗೇ ಕೇಳಿದ್ದ. ಎಲೆಯನ್ನೂ ಎಣಿಸುತ್ತಿದ್ದ, ಉತ್ತರವನ್ನೂ ಕೇಳಿಸಿಕೊಳ್ಳುತ್ತಿದ್ದ. ಎರಡೂ ಒಂದೇ ತಲೆಯಲ್ಲಿ ಹಿಡಿಸುತ್ತವೆ ಎಂದು ನನಗೆ ಹೊಳೆದೇ ಇರಲಿಲ್ಲ. ಪಿಂಚಣಿಯ ಕಾಗದಗಳು ಸೆಪ್ಟೆಂಬರಿಗೆ ಕೈಗೆ ಬರಲಿದ್ದವು. ಬಂದ ಮೇಲೆ ನಾನು ಯಾರ ಜೊತೆ ಕೂತರೂ ಕೇಳುವವರಿಲ್ಲ. ಅಕ್ಟೋಬರಿನಲ್ಲಿ ಅವನು ಈ ಕಡೆ ಬಂದಾಗ ಮನೆಗೆ ಊಟಕ್ಕೆ ಕರೆಯೋಣ, ಅಮ್ಮ ಮಾಡುತ್ತಿದ್ದ ಹಾಗೆ ಕುರಿಮಾಂಸದ ಸಾರು ಮಾಡೋಣ ಎಂದುಕೊಂಡೆ.

ಇಲ್ಲಿ ನಿಲ್ಲಿಸಿ ಎದ್ದಿದ್ದೆ. ಇವತ್ತು ಸೋಮವಾರ. ನಿನ್ನೆ ಬರೆದದ್ದನ್ನು ಓದಿ ನೋಡಿದೆ, ಹರಿದು ಹಾಕುವ ಮನಸ್ಸಾಯಿತು, ಹರಿಯಲಿಲ್ಲ.

ದೊಡ್ಡಿಯ ಯಜಮಾನ ಅವನ ಟ್ರಕ್ಕಿನಲ್ಲಿ ವಿಳಾಸ ಹುಡುಕಿ ನೆಬ್ರಾಸ್ಕಾದಲ್ಲಿರುವ ಅಕ್ಕನಿಗೆ ಫೋನು ಮಾಡಿದನಂತೆ. ಇರ್ಮಾ ಎಂದು ಹೆಸರು. ಎಂಬತ್ತರ ಹತ್ತಿರದ ಹೆಂಗಸು, ಒಬ್ಬಳೇ ಬಸ್ಸಿನಲ್ಲಿ ಬಂದಳು. ಶವವನ್ನು ಅಷ್ಟು ದೂರ ಒಯ್ಯಲು ಅವಳಿಗೆ ಅನುಕೂಲವಿರಲಿಲ್ಲ, ಎಲ್ಕೊದಲ್ಲೇ ಮಣ್ಣು ಮಾಡುವುದೆಂದಾಯಿತು. ಡಾರ್ಲಾ ಒಬ್ಬೊಬ್ಬರಿಗೂ ಹೇಳಿಕೊಂಡು ಬಂದಳು. ಸಮಾಧಿಯ ಹತ್ತಿರ ನಾವು ಬಹಳ ಜನ ಇದ್ದೆವು. ಅರ್ಧಕ್ಕರ್ಧ ಜನ ಪಾಳಿಯ ನಡುವೆ ಓಡಿ ಬಂದವರು, ಬಿಳಿ ಅಂಗಿ ಕಪ್ಪು ಲಂಗದ ಕ್ಲಬ್ಬಿನ ಉಡುಪಿನಲ್ಲೇ. ಇನಾಸಿಯೊ ಅಡುಗೆಯ ಏಪ್ರನ್ ಬಿಚ್ಚುವುದನ್ನೂ ಮರೆತಿದ್ದ. ಕಾಲ್ಕಿನ್ಸ್ ಬರಲಿಲ್ಲ, ಆದರೆ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಯಾರನ್ನೂ ಕೇಳಲೂ ಇಲ್ಲ. ಅಷ್ಟು ಹೇಳಬೇಕು ಅವನ ಬಗ್ಗೆ.

ಪಾದ್ರಿ ಮುಗಿಸಿದ ಮೇಲೆ ಇರ್ಮಾ ನಮ್ಮ ಉಡುಪುಗಳನ್ನೆಲ್ಲ ಒಂದು ಸಲ ನೋಡಿದಳು. ಅವರದು ದೇವರಿಗೆ ಬಹಳ ನಡೆದುಕೊಳ್ಳುವ ಮನೆ, ಇಸ್ಪೀಟು ಮನೆಯೊಳಗೆ ಬರುವಂತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ತಮ್ಮ ಆಡುತ್ತಿದ್ದ ಎಂಬುದೇ ಅವಳಿಗೆ ಗೊತ್ತಿಲ್ಲ. ಇನಾಸಿಯೊನ ಏಪ್ರನ್ ಕಡೆ ನೋಡುತ್ತಾ, "ನನ್ನ ತಮ್ಮ ನಿಮ್ಮ ಜೊತೆ ಎಷ್ಟು ವರ್ಷ ಕೆಲಸ ಮಾಡಿದ?" ಎಂದು ಕೇಳಿದಳು.

ಹುಡುಗಿಯರು ನೆಲ ನೋಡಿದರು. ಇನಾಸಿಯೊ ಗಂಟಲು ಸರಿಮಾಡಿಕೊಂಡು ಹೇಳಿದ:

"ಇಪ್ಪತ್ತು ವರ್ಷದ ಮೇಲಾಯ್ತಮ್ಮ. ಒಂದು ದಿನ ಯಾರ ಜೊತೇನೂ ಜಗಳ ಆಡಿದವನಲ್ಲ."

ಅವಳು ತಲೆದೂಗಿದಳು. ಹೌದು, ಮನೆಯಲ್ಲೂ ಹಾಗೇ ಇದ್ದ ಅಂದಳು. ಆಮೇಲೆ ನಮ್ಮ ಮುಖಗಳ ಮೇಲೆ ಕಣ್ಣು ಹಾಯಿಸುತ್ತಾ, ನಿಮ್ಮಲ್ಲಿ ಬೆನಿಟಾ ಯಾರು ಎಂದು ಕೇಳಿದಳು. ನಾನು ಮುಂದೆ ಹೋದೆ. ನನ್ನ ಕೈ ಹಿಡಿದುಕೊಂಡು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ಮಾತಾಡಿದಳು. ಆ ಮಾತು ಇಲ್ಲಿ ಬರೆಯುವುದು ಬೇಡ. ಸಂಜೆಯ ಬಸ್ಸಿಗೆ ಹೊರಟಳು. ಡಾರ್ಲಾ ದಾರಿಗೆಂದು ಬ್ರೆಡ್ಡು, ಸಾಸೇಜು ಕಟ್ಟಿಕೊಟ್ಟಳು.

ಇಷ್ಟೇ ಸುದ್ದಿ. ಕಲ್ಲು ಹಾಕಿಸಲು ಎಲ್ಲರೂ ಸೇರುತ್ತಿದ್ದೇವೆ. ನಿನ್ನ ಹೆಸರೂ ಸೇರಿಸಿದ್ದೇನೆ, ನೀನು ಏನೂ ಕಳಿಸಬೇಡ, ಆಪರೇಷನ್ ಖರ್ಚು ನನಗೆ ಗೊತ್ತು. ವಸಂತಕ್ಕೆ ಕಾಲು ಸರಿಹೋದರೆ ಬಾ, ಒಟ್ಟಿಗೆ ಹೋಗಿ ನೋಡಿ ಬರೋಣ. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ.

ಮಗಳ ಮಾತು ಕೇಳು. ಔಷಧ ತಪ್ಪಿಸಬೇಡ. ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವಮಾತೆ ನಿನ್ನನ್ನು ನೋವಿಲ್ಲದೆ ನಡೆಸಲಿ, ರಾತ್ರಿ ಒಳ್ಳೆಯ ನಿದ್ದೆ ಕೊಡಲಿ ಎಂದು ಈ ಭಾನುವಾರವೂ ಮೇಣದಬತ್ತಿ ಹಚ್ಚಿದ್ದೇನೆ.

ಸದಾ ನಿನ್ನವಳೇ ಆದ
ಬೆನಿಟಾ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ತೆರೆದೆ. ನಿನಗೆ ಹೇಳದಿದ್ದರೆ ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ನೀನು ಇಲ್ಲಿಂದ ಹೋಗುವ ನಾಲ್ಕು ವರ್ಷ ಮುಂಚೆ, ಜೂನ್ ತಿಂಗಳು. ನನ್ನ ರಜೆಯ ದಿನ ವೆಂಡೆಲ್ ನನ್ನನ್ನು ಲಮೋಯಿಲ್ ಕಡೆಗೆ ಕರೆದುಕೊಂಡು ಹೋಗಿದ್ದ, ಒಂದು ಮನೆ ಮಾರಾಟಕ್ಕಿದೆ ನೋಡಿ ಬರೋಣ ಎಂದು. ಹೊಳೆಯ ಪಕ್ಕದ ಸಣ್ಣ ಮನೆ. ಟ್ರಕ್ಕಿನ ಹಿಂಭಾಗದಲ್ಲಿ ಕೂತು ಸ್ಯಾಂಡ್‌ವಿಚ್ ತಿಂದೆವು. ಊರೂರು ಅಲೆದು ಸಾಕಾಗಿದೆ, ಇದನ್ನು ಕೊಳ್ಳೋಣ ಅಂತಿದ್ದೇನೆ ಅಂದ. ಕೆಳಗಿನ ಕೋಣೆ ನಿಮ್ಮ ಅಮ್ಮನಿಗೆ ಸರಿಹೋಗುತ್ತದೆ, ಮೆಟ್ಟಿಲಿಲ್ಲ ಅಂದ. ಆಮೇಲೆ ನನ್ನ ಕಡೆ ನೋಡದೆ, "ನಿಮಗೆ ಒಪ್ಪಿಗೆ ಇದ್ರೆ, ಬೆನಿಟಾ" ಅಂದ.

ನಾನು ನಕ್ಕುಬಿಟ್ಟೆ ವರ್ನಾ. ನಕ್ಕು, "ಇಷ್ಟು ದೂರ ಹೋಗಬೇಕಾಗಿಲ್ಲ ವೆಂಡೆಲ್. ನೀವು ಎಣಿಸ್ತೀರಿ ಅಂತ ನನಗೆ ಮೊದಲಿಂದ್ಲೂ ಗೊತ್ತು. ನಾನು ಯಾರಿಗೂ ಹೇಳಲ್ಲ" ಅಂದೆ.

ಅವನು ಸ್ಯಾಂಡ್‌ವಿಚ್ಚಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. "ಥ್ಯಾಂಕ್ಸ್" ಅಂದ. ನನ್ನನ್ನು ಮನೆಗೆ ಬಿಟ್ಟ. ಮುಂದಿನ ಸಲ ಬಂದಾಗ ಎಂದಿನ ಹಾಗೇ ನನ್ನ ಮೇಜಿಗೆ ಬಂದು ಕೂತ. ನೋಡು, ನನ್ನ ಬಾಯಿ ಮುಚ್ಚಿಸುವುದಕ್ಕೇ ಆ ಮನೆಯ ಮಾತು, ನನ್ನ ಊಹೆ ಸರಿಯಾಗಿತ್ತು ಎಂದುಕೊಂಡೆ.

ಬೇಲಿಯ ಹತ್ತಿರ ಇರ್ಮಾ ಹೇಳಿದ್ದು ಇದು: ಎಷ್ಟೋ ವರ್ಷದ ಹಿಂದೆ ಫೋನಿನಲ್ಲಿ ತಮ್ಮ ಹೇಳಿದ್ದನಂತೆ, ಬೆನಿಟಾ ಎನ್ನುವವರನ್ನು ಮದುವೆಗೆ ಕೇಳಿದೆ ಅಕ್ಕಾ, ಆಗಲಿಲ್ಲ ಎಂದು. ಯಾಕಂತೆ ಎಂದು ಅವಳು ಕೇಳಿದ್ದಕ್ಕೆ, ಅವರು ಕೊಟ್ಟ ಕಾರಣ ನ್ಯಾಯವಾದದ್ದೇ ಎಂದನಂತೆ. ಏನು ಕಾರಣವೆಂದು ಹೇಳಲಿಲ್ಲವಂತೆ. "ನಿಮಗ್ಯಾರೋ ಬೇರೆಯವರು ಇದ್ದಿರಬೇಕು ಅಂದ್ಕೊಂಡೆ" ಅಂದಳು ಆ ಹೆಂಗಸು. ನಾನು ಹೌದು ಅಂದೆ.

ವರ್ನಾ, ಅವನ ಮನಸ್ಸು ನಿನಗೆ ಗೊತ್ತಿತ್ತಾ? ಗೊತ್ತಿದ್ದರೆ ಉತ್ತರದಲ್ಲಿ ಅದನ್ನು ಬರೆಯಬೇಡ.

ಬೆ.